ಭಾಲ್ಕಿಯಿಂದ ಬಂದ ಅತಿಥಿಗಳು

ಸರೋವರದ ಕ್ಯಾಂಪು, ಲಡಾಖ್
೧೨ ಜೂನ್ ೨೦೨೩

ಅಕ್ಕ ಮಹಾಮಾಯಾಗೆ ಕಪಿಲನ ಜೈಭೀಮ್.

ಬೀದರ ಬಿಟ್ಟ ಒಂಬತ್ತನೆಯ ದಿನಕ್ಕೆ ಇಲ್ಲಿ ಬಂದು ಮುಟ್ಟಿದೆ. ಫೋನು ಹತ್ತುವ ಊರು ಇಲ್ಲಿಂದ ಏಳು ತಾಸಿನ ದಾರಿ. ವಾರಕ್ಕೊಮ್ಮೆ ಸಾಮಾನು ತರುವ ಲಾರಿಯ ಚಾಲಕ ಪತ್ರಗಳನ್ನು ಒಯ್ದು ಅಂಚೆಗೆ ಹಾಕುತ್ತಾನೆ, ಬಂದವನ್ನು ತಂದುಕೊಡುತ್ತಾನೆ. ಇನ್ನು ನಮ್ಮ ಮಾತುಕತೆಯೆಲ್ಲ ಕಾಗದದ ಮೇಲೆಯೇ.

ಈ ಜಾಗ ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿದೆ. ನಮ್ಮ ಬೀದರ ಎರಡು ಸಾವಿರ ಚಿಲ್ಲರೆ. ಮೊದಲೆರಡು ದಿನ ತಲೆ ಒಡೆದುಹೋಗುವಂತಿತ್ತು, ಉಂಡದ್ದು ಒಳಗೆ ನಿಲ್ಲಲಿಲ್ಲ. ಮೂರನೆಯ ದಿನ ತಾನಾಗಿ ಸರಿಹೋಯಿತು. ಈಗ ಹದಿನೆಂಟು ಡೇರೆಗಳ ಅಡುಗೆಯಲ್ಲಿ ಕೈಹಾಕುತ್ತೇನೆ, ಅತಿಥಿಗಳನ್ನು ಸುತ್ತಾಡಿಸುತ್ತೇನೆ.

ಕೋಟೆಯ ಗೈಡಾಗುವ ಮೊದಲು ನೀನು ಶಾಲೆಯಲ್ಲಿ ಭೂಪಟ ತೂಗುಹಾಕಿ ಪಾಠ ಮಾಡುತ್ತಿದ್ದೆಯಲ್ಲ, ಅದನ್ನೆಲ್ಲ ಇಲ್ಲಿ ಕಣ್ಣಾರೆ ನೋಡುತ್ತಿದ್ದೇನೆ. ಮಳೆಮೋಡ ಹಿಮಾಲಯ ದಾಟುವುದಿಲ್ಲ. ಹಾಗಾಗಿ ದೇಶವೆಲ್ಲ ನೆನೆಯುವ ತಿಂಗಳುಗಳೇ ಇಲ್ಲಿನ ಸುಗ್ಗಿ. ಕೇರಳದ ಸಮುದ್ರದಂಡೆಯವರು ಹಿಮ ನೋಡಲು ಬರುತ್ತಾರೆ. ದಿಲ್ಲಿಯವರು ಸೆಕೆಗೆ ಹೆದರಿ ಬರುತ್ತಾರೆ. ಅಕ್ಟೋಬರಿನಲ್ಲಿ ಘಾಟಿನ ಮೇಲೆ ಹಿಮ ಬಿದ್ದು ದಾರಿ ಮುಚ್ಚಿದರೆ ಮೇ ತಿಂಗಳವರೆಗೆ ನರಪಿಳ್ಳೆ ಇಲ್ಲ. ನಾಲ್ಕು ತಿಂಗಳು ದುಡಿದು ಹನ್ನೆರಡು ತಿಂಗಳು ಉಣ್ಣುವ ನೆಲ ಇದು.

ಫ್ರಾನ್ಸಿನ ಒಬ್ಬ ಅಜ್ಜಿ ಬಂದಿದ್ದಳು. ಆಫ್ರಿಕಾದ ಹುಲ್ಲುಗಾವಲಿಗೆ ಮೂರು ಸಲ ಹೋಗಿದ್ದಾಳಂತೆ. ಬೆಟ್ಟವಿಲ್ಲ, ಸಮುದ್ರವಿಲ್ಲ, ಬರೀ ಬಯಲು, ಅದರ ತುಂಬ ಪ್ರಾಣಿಗಳು. ಅದನ್ನು ನೋಡಲು ಜಗತ್ತೇ ಹೋಗುತ್ತದೆ. ಔರಾದದ ಬಯಲಿನಲ್ಲಿ ನಮ್ಮ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಓಡುವುದನ್ನು ಆಕೆಗೆ ವರ್ಣಿಸಿದೆ. ‘ನೀವು ಅಲ್ಲಿ ಅತಿಥಿಗಳಿಗೆ ಮನೆ ತೆರೆದರೆ ನಾನು ಬರುತ್ತೇನೆ’ ಎಂದಳು.

ಔರಾದದ ಗೋರಖನಾಥ ಮಾವನಿಗೆ ಅವನ ಮನೆಯ ಆ ಎರಡು ಕೋಣೆಗಳ ವಿಷಯ ಮತ್ತೊಮ್ಮೆ ಹೇಳು. ಒಂದು ಸುಗ್ಗಿ ಈ ಕೆಲಸ ಕಲಿತು ನವೆಂಬರಿಗೆ ಬಂದುಬಿಡುತ್ತೇನೆ.

ನಿನ್ನ ಕಪಿಲ

*

ಬೀದರ
೯ ಜುಲೈ ೨೦೨೩

ಕಪಿಲಾ,

ನಿನ್ನ ಪತ್ರ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಎರಡು ಸಲ ಓದಿದೆ. ಅವ್ವ ಇದ್ದಿದ್ದರೆ ಓಣಿಗೆಲ್ಲ ಓದಿ ಹೇಳಿಸುತ್ತಿದ್ದಳು.

ಇಲ್ಲಿ ಮಳೆ ಹಿಡಿದಿದೆ. ಕೋಟೆಯ ಕೆಂಪು ಕಲ್ಲು ನೆನೆದು ಕಪ್ಪಾಗಿದೆ. ವಾರಕ್ಕೆ ಇಬ್ಬರು ಮೂವರು ಬಂದರೆ ಹೆಚ್ಚು. ಹೈದರಾಬಾದಿನಿಂದ ಬೆಳಿಗ್ಗೆ ಕಾರಿನಲ್ಲಿ ಬರುತ್ತಾರೆ, ಎರಡು ತಾಸು ನೋಡಿ ಮಧ್ಯಾಹ್ನಕ್ಕೆ ತಿರುಗಿ ಹೋಗುತ್ತಾರೆ. ಹತ್ತಿರವಿದ್ದದ್ದೇ ನಮಗೆ ಮುಳುವಾಗಿದೆ. ಮೊನ್ನೆ ಒಂದು ಕುಟುಂಬಕ್ಕೆ ನೆಲದಡಿಯ ಕರೇಜ್ ಕಾಲುವೆ ತೋರಿಸಿ, ಐದು ನೂರು ವರ್ಷದ ಹಿಂದೆ ಈ ಜಂಬಿಟ್ಟಿಗೆ ಕಲ್ಲನ್ನು ಕೊರೆದು ನೀರು ಹರಿಸಿದ ಬಗೆಯನ್ನು ವಿವರಿಸುತ್ತಿದ್ದೆ. ಆ ಯಜಮಾನರು ಗಡಿಯಾರ ನೋಡಿಕೊಂಡು, ‘ಮೇಡಂ, ಊಟಕ್ಕ ಛಲೋ ಹೋಟೆಲ್ ಎಲ್ಲಿ ಅದರಿ?’ ಅಂದರು.

ಔರಾದಕ್ಕೆ ಹೋಗಿದ್ದೆ. ಮಾವ ಮೊದಲು ಗೊಣಗಿದ. ಆಮೇಲೆ, ‘ಆಯ್ತವ್ವಾ, ಎರಡು ಖೋಲಿ ತಗೋರಿ. ನಿಮ್ಮವ್ವನ ಮನಿನೇ ಅದಾ ಇದು’ ಅಂದ. ಗೋಡೆಗೆ ಗಿಲಾವು ಶುರುಮಾಡಿಸಿದ್ದೇನೆ. ಬಯಲಿನಲ್ಲಿ ಯಾರೋ ಅಳತೆ ಮಾಡಿ ಕೆಂಪು ಗೂಟ ಹುಗಿದು ಹೋಗಿದ್ದಾರೆ. ಚಿಗರಿಗಳ ರಕ್ಷಣೆಗೆ ಸರಕಾರವೇ ಏನೋ ಮಾಡುತ್ತಿರಬೇಕು. ಹಾಗಾದರೆ ನಮಗೂ ಒಳ್ಳೆಯದು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ

*

ಸರೋವರದ ಕ್ಯಾಂಪು
೨೦ ಆಗಸ್ಟ್ ೨೦೨೩

ಅಕ್ಕಾ,

ಇವತ್ತು ಏನಾಯಿತು ಗೊತ್ತೇನು! ನಾಳೆ ನಸುಕಿಗೆ ಲಾರಿ ಹೊರಡುತ್ತದೆ, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ವಯಸ್ಸಾದ ಗಂಡ ಹೆಂಡತಿ ಬಂದರು. ಬಡಿಸುತ್ತಿದ್ದಾಗ ಆ ಹಿರಿಯರು, ‘ಎಲ್ಲಾ ಸಪ್ಪಗ ಅದಾ ನೋಡು, ಜರಾ ಖಾರ ಸಿಕ್ಕರ ಎಷ್ಟ ಛಲೋ ಆಗ್ತಿತ್ತು’ ಎಂದು ಹೆಂಡತಿಗೆ ಅಂದರು. ನಾನು ತಾಟು ಹಿಡಿದುಕೊಂಡು ನಿಂತೇಬಿಟ್ಟೆ.

‘ಶೇಂಗಾ ಹಿಂಡಿ ಅದರಿ ನನ್ನ ಹತ್ತರ. ತರ್ಲೇನ್ರಿ?’

ಅವರು ಚಮಚ ಕೆಳಗಿಟ್ಟರು. ‘ಏ, ಯಾವೂರಪ್ಪಾ ನಿಂದು?’

‘ಖಟಕ ಚಿಂಚೋಳಿರಿ.’

‘ನಮ್ಮ ಭಾಲ್ಕಿ ತಾಲೂಕಾ! ಸುಂದರಾ, ಕೇಳಿದೇನ? ಈಂವ ನಮ್ಮ ಚಿಂಚೋಳಿ ಹುಡುಗ ಇದ್ದಾನ!’

ಶಿವರಾಜಪ್ಪನವರು ಭಾಲ್ಕಿಯಲ್ಲಿ ಮೂವತ್ತೈದು ವರ್ಷ ತೊಗರಿ ವ್ಯಾಪಾರ ಮಾಡಿದವರು. ವರ್ಷಕ್ಕೊಮ್ಮೆ ಬಸವಕಲ್ಯಾಣಕ್ಕೆ ಹೋಗಿಬರುವುದು ಬಿಟ್ಟರೆ ಊರು ಬಿಟ್ಟು ಕದಲಿದವರಲ್ಲ. ಅಂಗಡಿ ಮುಚ್ಚಿದ ಮೇಲೆ, ಒಮ್ಮೆ ಹಿಮ ನೋಡಬೇಕು ಎಂದು ಸುಂದರಬಾಯಿಯವರನ್ನು ಕರೆದುಕೊಂಡು ಹೊರಟರಂತೆ. ಹೈದರಾಬಾದಿನಿಂದ ವಿಮಾನ. ಲೇಹದಲ್ಲಿ ಒಂದು ದಿನ ಇದ್ದು ನೇರ ಇಲ್ಲಿಗೆ. ಹಿಂಡಿ ಚಟ್ನಿಪುಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದರು. ಆಮೇಲೆ ಸಂಜೆತನಕ ನನ್ನನ್ನು ಬಿಡಲಿಲ್ಲ. ಔರಾದದ ಚಿಗರಿ ಮನೆಯ ವಿಚಾರ ಹೇಳಿದೆ. ‘ಮೊದಲ ಗಿರಾಕಿ ನಾನೇ’ ಅಂದರು.

ಅವರಿಗೆ ಸ್ವಲ್ಪ ತಲೆನೋವಿದೆ. ಸುಂದರಬಾಯಿ ನನ್ನನ್ನು ಪಕ್ಕಕ್ಕೆ ಕರೆದು, ‘ತಮ್ಮಾ, ನಿನ್ನಿ ಹಿಡದು ಇವರಿಗಿ ತಲಿ ನೋಯ್ಲಾಕತ್ತದ. ಕೆಳಗ ಹೋಗಮು ಅಂದ್ರ ಕೇಳವಲ್ರು’ ಅಂದರು. ‘ಏನೂ ಆಗಲ್ರಿ ಅವ್ವಾ. ನನಗೂ ಹಿಂಗೇ ಆಗಿತ್ತು. ಎರಡು ದಿನಕ್ಕ ತಾನೇ ಹೋಗ್ತದ್ರಿ’ ಎಂದು ಧೈರ್ಯ ಹೇಳಿದೆ. ಬೆಳ್ಳುಳ್ಳಿ ಸಾರು ಕಾಯಿಸಿ ಕೊಟ್ಟಿದ್ದೇನೆ. ನಾಳೆ ಇಬ್ಬರನ್ನೂ ಸರೋವರದ ದಂಡೆಗೆ ಕರೆದೊಯ್ಯಬೇಕು.

ಎಷ್ಟೋ ದಿನದ ಮೇಲೆ ನಮ್ಮ ಮಾತು ಕೇಳಿ ಮನಸ್ಸು ತುಂಬಿಬಂತು ಅಕ್ಕಾ.

ಕಪಿಲ

*

ಬೀದರ
೧೪ ಸೆಪ್ಟೆಂಬರ್ ೨೦೨೩

ಕಪಿಲಾ,

ನಿನ್ನೆ ನಿನ್ನ ಪತ್ರ ಬಂತು. ಓದಿ ಒಬ್ಬಳೇ ನಕ್ಕೆ. ಭಾಲ್ಕಿಯ ಸೇಠರು ಲಡಾಖಿನಲ್ಲಿ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದರು ಎಂದರೆ ಯಾರು ನಂಬುತ್ತಾರೆ!

ಅವರ ವಿಳಾಸ ಇಟ್ಟುಕೊಂಡಿದ್ದರೆ ಕಳಿಸು. ನಾನೇ ಹೋಗಿ ಮಾತಾಡಿಸಿ ಬರುತ್ತೇನೆ. ಔರಾದಕ್ಕೆ ಅವರೇ ಮೊದಲು ಬರಲಿ. ಅವರ ತಲೆನೋವು ಹೇಗಾಯಿತು? ಕೇಳಿದೆ ಎಂದು ಹೇಳು. ಅಷ್ಟರಲ್ಲಿ ಅವರು ಊರು ಸೇರಿರುತ್ತಾರೆ, ನಾನೊಬ್ಬಳು ಹುಚ್ಚಿ.

ಕೋಣೆಗಳ ಗಿಲಾವು ಮುಗಿದಿದೆ. ಹಲಗೆಯ ಮೇಲೆ ‘ಚಿಗರಿ ಮನೆ’ ಎಂದು ಬರೆಸಿದ್ದೇನೆ. ನೀನು ಬಂದ ಮೇಲೆ ಕಟ್ಟೋಣ.

ಮಹಾಮಾಯಾ

*

ಸರೋವರದ ಕ್ಯಾಂಪು
೨ ಅಕ್ಟೋಬರ್ ೨೦೨೩

ಅಕ್ಕಾ,

ನಿನ್ನ ಪತ್ರ ಮುಟ್ಟಿತು. ಇಲ್ಲಿ ಎಲ್ಲ ಕ್ಷೇಮ. ಡೇರೆಗಳನ್ನು ಬಿಚ್ಚುತ್ತಿದ್ದೇವೆ. ಸರೋವರದ ಅಂಚು ಬೆಳಗಿನ ಹೊತ್ತು ಹೆಪ್ಪುಗಟ್ಟಿರುತ್ತದೆ.

ಈ ಸಲ ಬರಲಾಗುವುದಿಲ್ಲ. ಚಳಿಗಾಲದಲ್ಲಿ ಹಿಮಚಿರತೆ ನೋಡಲು ವಿದೇಶದವರು ಬರುವುದುಂಟಂತೆ, ಆ ಕೆಲಸವನ್ನೂ ಕಲಿಯಬೇಕು. ಮಾಲೀಕರ ಹಳ್ಳಿ ಸ್ವಲ್ಪ ಕೆಳಗಿದೆ, ಅಲ್ಲಿಯೇ ಇರುತ್ತೇನೆ. ಘಾಟು ಮುಚ್ಚಿದರೆ ಪತ್ರ ಬರುವುದಿಲ್ಲ, ಗಾಬರಿಯಾಗಬೇಡ.

ಕಪಿಲ

*

ಬೀದರ
೨೪ ಅಕ್ಟೋಬರ್ ೨೦೨೩

ಕಪಿಲಾ,

ಏಳು ಸಾಲು ಬರೆದಿದ್ದೀ. ಭಾಲ್ಕಿಯವರ ಬಗ್ಗೆ ಕೇಳಿದ್ದಕ್ಕೆ ಉತ್ತರವಿಲ್ಲ, ಕೋಣೆಗಳ ಬಗ್ಗೆ ಒಂದು ಮಾತಿಲ್ಲ. ಹಿಮ ಹತ್ತಿದವರಿಗೆ ಬಿಸಿಲಿನ ನೆಲ ಬೇಸರವಾಗುತ್ತದೆ ಎಂದು ಕಾಣುತ್ತದೆ. ಆಗಲಿ. ಆದರೆ ನೇರವಾಗಿ ಹೇಳಬೇಕಿತ್ತು. ಹೈದರಾಬಾದಿನ ಒಂದು ಹೋಟೆಲಿನಲ್ಲಿ ಒಳ್ಳೆಯ ಕೆಲಸವಿದೆ ಎಂದು ಕರೆದಿದ್ದರು. ನೀನು ಬರುತ್ತೀ, ಇಬ್ಬರೂ ಸೇರಿ ಔರಾದದಲ್ಲಿ ಏನಾದರೂ ಕಟ್ಟುತ್ತೇವೆ ಎಂದು ಬೇಡವೆಂದೆ.

ಇಲ್ಲಿ ಎಲ್ಲ ಸರಿಯಾಗಿದೆ. ಕೋಣೆಗಳು ನಿನಗಾಗಿ ಕಾಯುತ್ತಿವೆ.

ಮಹಾಮಾಯಾ

*

ಸರೋವರದ ಕ್ಯಾಂಪು
೨೧ ಮೇ ೨೦೨೪

ಅಕ್ಕಾ,

ನಿನ್ನ ಅಕ್ಟೋಬರಿನ ಪತ್ರ ಮೊನ್ನೆ ಮೊದಲ ಲಾರಿಯಲ್ಲಿ ಬಂತು. ನೀನು ಬೈದದ್ದು ಸರಿ. ನಾನು ಬದುಕಿದ್ದೇನೆ, ಚೆನ್ನಾಗಿದ್ದೇನೆ.

ಒಂದು ಕೆಲಸ ಮಾಡಬೇಕು. ಈ ಪತ್ರದ ಜೊತೆ ಒಂದು ಸಣ್ಣ ಡಬ್ಬಿ ಕಳಿಸಿದ್ದೇನೆ. ಹೋದ ವರ್ಷ ಬಂದಿದ್ದ ಸುಂದರಬಾಯಿಯವರಿಗೆ ಅದನ್ನು ಮುಟ್ಟಿಸು. ಭಾಲ್ಕಿ ಸ್ಟೇಷನ್ನಿನ ಹಿಂದಿನ ಓಣಿ, ತೊಗರಿ ಶಿವರಾಜಪ್ಪನವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಇಲ್ಲಿ ಮರೆತುಹೋದ ವಸ್ತು. ಕೊಟ್ಟು ಬಂದುಬಿಡು, ಹೆಚ್ಚು ಹೊತ್ತು ಕೂಡಬೇಡ.

ಕಪಿಲ

*

ಬೀದರ
೨೩ ಜೂನ್ ೨೦೨೪

ಕಪಿಲಾ,

ಕೊಟ್ಟು ಬಂದೆ. ಹೆಚ್ಚು ಹೊತ್ತು ಕೂಡಬೇಡ ಎಂದಿದ್ದೀ, ಮೂರು ತಾಸು ಕೂತಿದ್ದೆ.

ಶುಕ್ರವಾರದ ಬಸ್ಸಿಗೆ ಹೋದೆ. ಮೊದಲ ಪಡಸಾಲೆಯಲ್ಲೇ ಶಿವರಾಜಪ್ಪನವರ ಫೋಟೋ, ಅದಕ್ಕೆ ಮಾಲೆ. ಅಲ್ಲಿಯವರೆಗೂ ನಾನು, ಔರಾದಕ್ಕೆ ಯಾವಾಗ ಬರುತ್ತೀರಿ ಎಂದು ಹೇಗೆ ಕೇಳಲಿ ಎಂದು ಯೋಚಿಸುತ್ತಿದ್ದೆ. ಲಡಾಖಿನಲ್ಲಿಯೇ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತಂತೆ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸುಂದರಬಾಯಿಯವರು ‘ಶರಣ್ರೀ, ಕೂಡ್ರಿ’ ಎಂದು ಚಾಪೆ ಹಾಸಿದರು. ಕಪಿಲನ ಅಕ್ಕ ಎಂದೆ. ಚಹಾ ಮಾಡಿ ತಂದರು. ಡಬ್ಬಿ ತೆರೆದರೆ ಅದರಲ್ಲಿ ಅವರ ಯಜಮಾನರ ಚಷ್ಮಾ. ಸೆರಗಿನಿಂದ ಎರಡೂ ಗಾಜು ಒರೆಸಿದರು. ‘ಚಷ್ಮಾ ಇಲ್ದ ಅವರಿಗಿ ಏನೂ ಕಾಣ್ತಿರಲಿಲ್ರಿ. ಹಂಗೇ ಮಣ್ಣು ಮಾಡಿದೇವ್ರಿ’ ಅಂದರು.

ಆಮೇಲೆ ನಿನ್ನ ಬಗ್ಗೆ ಮಾತು ಬಂತು. ನಿನಗೆ ನೋವಾಗದಂತೆ ಬರೆಯಬೇಕು ಎಂದು ಎರಡು ದಿನ ಪೆನ್ನು ಹಿಡಿದು ಕೂತೆ. ಆಗಲಿಲ್ಲ. ಅವರು ಅಂದದ್ದನ್ನೇ ಬರೆಯುತ್ತೇನೆ.

‘ನಾ ಕೆಳಗ ಹೋಗಮು ಅಂದ್ರ, ನಮ್ಮ ಕಡೀ ಹುಡುಗ ಹೇಳ್ಯಾನ, ಅಂವ ಯಾಕ ಸುಳ್ಳ ಹೇಳ್ತಾನ ಅಂತ ಕುಂತ್ರು. ಬ್ಯಾರೆ ಯಾರರೆ ಹೇಳಿದ್ರ ಕೇಳ್ತಿರಲಿಲ್ರಿ ಅವರು. ನಿಮ್ಮ ತಮ್ಮ ತಿಳೀದ ಹೇಳ್ಯಾನೋ, ತಿಳದು ಹೇಳ್ಯಾನೋ?’

‘ತಿಳೀದ ಹೇಳ್ಯಾನ್ರಿ’ ಎಂದೆ. ನನಗೇನು ಗೊತ್ತಿತ್ತು? ಅಕ್ಕನಾಗಿ ಹೇಳಿದೆ.

‘ಅದನ್ನ ಅಂವಾ ಹೇಳ್ಲಿ. ಮತ್ತೊಂದು ಮಾತು ಅದಾ. ಕೆಳಗ ಇಳಸ್ವಾಗ ಗಾಡಿಯಾಗ ಅವರ ತಲಿ ನಿಮ್ಮ ತಮ್ಮನ ತೊಡಿ ಮ್ಯಾಲ ಇತ್ತು. ನಾ ಮುಂದ ಕುಂತಿದ್ದೆ. ತುಟಿ ಅಲಗಿದ್ದು ಕಂಡೆ, ಗಾಡಿ ಸಪ್ಪಳದಾಗ ಕೇಳಲಿಲ್ಲ. ಏನಂದ್ರಪ್ಪಾ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ ಅಂವ. ನಲವತ್ತೊಂದು ವರ್ಷ ಸಂಸಾರ ಮಾಡೀನ್ರಿ. ಕಡೀ ಮಾತು ನಂದಲ್ಲೇನ್ರಿ?’

ಕಪಿಲಾ, ಬಂದು ಅವರಿಗೆ ಹೇಳು. ನಾನು ನಿನ್ನ ಜೊತೆ ಬರುತ್ತೇನೆ.

ನೀನೊಬ್ಬನೇ ಮುಚ್ಚಿಟ್ಟಿಲ್ಲ. ಆ ಕೆಂಪು ಗೂಟಗಳು ಸೂರ್ಯನ ಕರೆಂಟಿನ ಕಂಪನಿಯವು. ಅಕ್ಟೋಬರಿನಲ್ಲಿ ಕೋಣೆಗಳು ಕಾಯುತ್ತಿವೆ ಎಂದು ಬರೆದಾಗಲೇ ಬಯಲಿಗೆ ತಂತಿ ಬೇಲಿ ಬಿದ್ದಿತ್ತು. ಮಾವನೂ ಹೊಲ ಕೊಟ್ಟ. ಜಗಳವಾಡಿದೆ. ‘ನಿಮ್ಮ ಚಿಗರಿ ನೋಡ್ಲಾಕ ಯಾರೂ ಬರಲಿಲ್ಲವ್ವಾ. ಬಿಸಿಲು ಹುಡುಕ್ಕೊಂಡು ಕಂಪನಿ ಬಂದಾದ. ನಾ ಏನ್ ಮಾಡ್ಲಿ?’ ಅಂದ. ಅವನದೂ ತಪ್ಪಲ್ಲ. ಯಾವ ಬಿಸಿಲಿಗೆ ಹೆದರಿ ಜನ ನಮ್ಮ ಕಡೆಗೆ ಬರುವುದಿಲ್ಲವೋ, ಯಾವ ಬಯಲಿನಲ್ಲಿ ಒಂದು ಗುಡ್ಡವೂ ಇಲ್ಲವೋ, ಅದೇ ಅವರಿಗೆ ಬೇಕಾದದ್ದು. ಹಿಂಡು ಮಹಾರಾಷ್ಟ್ರದ ಕಡೆ ಸರಿದಿದೆ. ಬೇಲಿಯಲ್ಲಿ ಸಿಕ್ಕಿ ಸತ್ತ ಒಂದು ಚಿಗರಿಯನ್ನು ನಾನೇ ನೋಡಿದೆ. ನಮ್ಮ ಕೋಣೆಗಳಲ್ಲಿ ಈಗ ಕಂಪನಿಯ ಕಾವಲುಗಾರರಿದ್ದಾರೆ.

ನೀನು ಆ ಚಳಿಯಲ್ಲಿ ಇದೊಂದನ್ನು ನೆಚ್ಚಿಕೊಂಡು ಇದ್ದೀ ಎಂದು ಹೇಳಲಿಲ್ಲ.

ಅಕ್ಕ

*

ಸರೋವರದ ಕ್ಯಾಂಪು
೧೧ ಆಗಸ್ಟ್ ೨೦೨೪

ಅಕ್ಕಾ,

ಕೇಳು.

ಮೊದಲ ದಿನ ತಿಳಿಯದೆ ಹೇಳಿದೆ. ನನಗಾದದ್ದೇ ಎಲ್ಲರಿಗೂ ಆಗುತ್ತದೆ ಎಂದುಕೊಂಡೆ. ನಾನು ಒಂಬತ್ತು ದಿನ ರೈಲು, ಬಸ್ಸು, ಲಾರಿ ಹಿಡಿದು ಹಂತಹಂತವಾಗಿ ಏರಿದವನು. ಅವರು ಮೂರೇ ದಿನದಲ್ಲಿ ಭಾಲ್ಕಿಯಿಂದ ಇಲ್ಲಿ ಬಂದು ನಿಂತವರು. ಇಷ್ಟು ಲೆಕ್ಕ ನನಗೆ ಹೊಳೆಯಲಿಲ್ಲ.

ಎರಡನೆಯ ದಿನ ತಿಳಿದಿತ್ತು. ಬೆಳಿಗ್ಗೆ ಡೇರೆಯಿಂದ ಹೊರಬಂದವರು ಕುಡಿದವರ ಹಾಗೆ ಹೆಜ್ಜೆ ಹಾಕುತ್ತಿದ್ದರು. ಬೂಟಿನ ಲಾಡಿ ಕಟ್ಟಿಕೊಳ್ಳಲು ಬರಲಿಲ್ಲ. ನಡಿಗೆ ತಪ್ಪಿದರೆ ತಡಮಾಡದೆ ಕೆಳಗಿಳಿಸಬೇಕು ಎಂದು ಅಡುಗೆ ಡೇರೆಯಲ್ಲಿ ಕಾಗದ ಅಂಟಿಸಿದ್ದಾರೆ. ದಿನಾ ಅದರ ಮುಂದೆಯೇ ಈರುಳ್ಳಿ ಹೆಚ್ಚುತ್ತಿದ್ದೆ. ನಮ್ಮ ಗಾಡಿ ಬೇರೆ ಅತಿಥಿಗಳನ್ನು ತರಲು ಹೋಗಿತ್ತು. ಪಕ್ಕದ ಕ್ಯಾಂಪಿನಲ್ಲಿ ಗಾಡಿ ಇತ್ತು, ಹತ್ತು ನಿಮಿಷದ ನಡಿಗೆ. ನಾನು ಹೋಗಲಿಲ್ಲ. ಇನ್ನೊಂದು ತಾಸು ನೋಡೋಣ, ಇನ್ನೊಂದು ತಾಸು ನೋಡೋಣ ಎಂದು ಮಧ್ಯಾಹ್ನದವರೆಗೆ ಕಾದೆ. ಏನೂ ಆಗುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದ್ದೆನಲ್ಲ, ನನ್ನ ಮಾತು ಸುಳ್ಳಾಗಬಾರದಿತ್ತು. ಇಷ್ಟೇ ಕಾರಣ. ಒಂದು ವರ್ಷ ಹುಡುಕಿದ್ದೇನೆ, ಬೇರೆ ಕಾರಣ ಸಿಗಲಿಲ್ಲ.

ಕೊನೆಗೆ ಗಾಡಿ ಹತ್ತಿಸಿ ಘಾಟು ಇಳಿಯುವಾಗ ಅವರಿಗೆ ಎಚ್ಚರ ಬಂದುಹೋಗುತ್ತಿತ್ತು. ‘ಭಾಲ್ಕಿ ಸ್ಟೇಷನ್ ಬಂತೇನಪ್ಪಾ?’ ಎಂದು ಕೇಳಿದರು. ‘ಬಂತ್ರಿ, ಇನ್ನೈದು ಮಿನಿಟ್ರಿ’ ಎಂದೆ. ‘ಸುಂದರಾನ್ನ ಎಬ್ಬಸು, ಮಲ್ಕೊಂಡಿರ್ತಾಳ’ ಅಂದರು. ಅದೇ ಅವರ ಕೊನೆಯ ಮಾತು. ಚಷ್ಮಾ ನನ್ನ ಜೇಬಿನಲ್ಲಿಯೇ ಉಳಿಯಿತು.

ಸುಂದರಬಾಯಿಯವರು ಎಚ್ಚರವಾಗಿಯೇ ಮುಂದೆ ಕೂತಿದ್ದರು. ನಾನು ಅವರನ್ನು ಕರೆಯಲಿಲ್ಲ. ಕರೆದಿದ್ದರೆ ತಿರುಗಿ ನೋಡುತ್ತಿದ್ದರು.

ಬಂದು ಅವರ ಎದುರಿಗೆ ನಿಲ್ಲುವುದು ನನ್ನಿಂದಾಗದು. ಹಿಮಚಿರತೆ ನೋಡಲು ಈ ಕಡೆ ಯಾರೂ ಬರುವುದಿಲ್ಲ, ಅದು ನಾನು ಕಟ್ಟಿದ ಸುಳ್ಳು. ಈಗ ಅತಿಥಿಗಳ ಹತ್ತಿರವೂ ಹೋಗುವುದಿಲ್ಲ. ಪಾತ್ರೆ ತೊಳೆಯುತ್ತೇನೆ, ಚಳಿಗಾಲದಲ್ಲಿ ಮಾಲೀಕರ ಆಡು ಕಾಯುತ್ತೇನೆ. ಈ ಪತ್ರ ಅವರಿಗೆ ಓದಿ ಹೇಳು. ಯಾವುದನ್ನೂ ಬಿಡಬೇಡ.

ಔರಾದದ ಸುದ್ದಿ ಓದಿದೆ. ನೀನು ಆಗಲೇ ಹೇಳಿದ್ದರೆ ಏನಾಗುತ್ತಿತ್ತೋ ತಿಳಿಯದು.

ಕಪಿಲ

*

ಬೀದರ
೬ ಅಕ್ಟೋಬರ್ ೨೦೨೪

ಕಪಿಲಾ,

ಪತ್ರ ಕೈಗೆ ಬಂದು ತಿಂಗಳಾಯಿತು. ಭಾಲ್ಕಿಗೆ ಹೊರಟು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದೆ. ನಿನ್ನೆ ಹೋದೆ.

ಒಂದು ಅಕ್ಷರ ಬಿಡದೆ ಓದಿದೆ. ಗೋಡೆಗೆ ಒರಗಿ ಕೇಳಿದರು. ಪಕ್ಕದ ಕ್ಯಾಂಪಿನ ಗಾಡಿಯ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿದರು. ‘ಹತ್ತು ಮಿನಿಟಿನ ಹಾದಿ?’ ಎಂದು ಕೇಳಿದರು. ಹೌದೆಂದೆ. ‘ಮುಂದ ಓದ್ರಿ’ ಅಂದರು.

ಸ್ಟೇಷನ್ನಿನ ಮಾತನ್ನು ಎರಡು ಸಲ ಓದಿಸಿದರು. ಎರಡನೆಯ ಸಲ ಓದುವಾಗ ಎದ್ದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಚ್ಚಲಲ್ಲಿ ನೀರು ಬಿದ್ದ ಸಪ್ಪಳ ಕೇಳುತ್ತಿತ್ತು. ಬಂದವರು ಮುಖ ಒರೆಸಿಕೊಂಡು, ‘ನಾ ಮಲ್ಕೊಂಡೇ ಇರಲಿಲ್ರಿ’ ಅಂದರು. ಅಷ್ಟೇ ಮಾತನ್ನು ಮತ್ತೆ ಮತ್ತೆ ಅಂದರು.

ಹೊರಡುವಾಗ ಬಾಗಿಲತನಕ ಬಂದರು. ನಾನು ಧೈರ್ಯ ಮಾಡಿ, ‘ನನ್ನ ತಮ್ಮನಿಗಿ ಏನು ಬರೀಲ್ರಿ?’ ಎಂದು ಕೇಳಿದೆ.

‘ಬರೋದು ಬ್ಯಾಡ ಅನ್ರಿ. ಬಂದ್ರ ನಾ ಏನರೆ ಅಂದೇನು. ನೀವೂ ಇನ್ನ ಬರಬ್ಯಾಡ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಅಂವನೇ ಕಂಡಂಗ ಆಗ್ತದ’ ಅಂದರು. ಬಾಗಿಲು ಮೆಲ್ಲಗೆ ಹಾಕಿಕೊಂಡರು.

ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ.

ಕೋಟೆಯ ಕೆಲಸ ಬಿಟ್ಟಿದ್ದೇನೆ. ಬರುವ ಸೋಮವಾರದಿಂದ ಹೈದರಾಬಾದಿನಲ್ಲಿ ಒಂದು ಕಚೇರಿಯ ಸ್ವಾಗತ ಮೇಜಿನಲ್ಲಿ ಕೂಡುತ್ತೇನೆ. ಹೋಟೆಲಿನ ಕೆಲಸ ಬೇರೆಯವರಿಗೆ ಹೋಗಿತ್ತು. ಬೀದರದ ಮನೆ ಖಾಲಿ ಮಾಡುತ್ತಿದ್ದೇನೆ. ಹೊಸ ವಿಳಾಸ ಕೆಳಗೆ ಬರೆದಿದ್ದೇನೆ. ನೀನು ಬಾ ಎಂದು ಕರೆಯಲೇ, ಅಲ್ಲಿಯೇ ಇರು ಎನ್ನಲೇ, ನನಗೆ ತಿಳಿಯದು. ನೀನು ಮಾಡಿದ್ದನ್ನು ನೆನೆದರೆ ಸಿಟ್ಟು ಬರುತ್ತದೆ, ಆ ಚಳಿಯಲ್ಲಿ ಆಡು ಕಾಯುವುದನ್ನು ನೆನೆದರೆ ಅನ್ನ ಇಳಿಯುವುದಿಲ್ಲ.

ಘಾಟು ಮುಚ್ಚುವ ಹೊತ್ತಾಯಿತು. ಕೊನೆಯ ಲಾರಿ ಸಿಕ್ಕರೆ ಈ ತಿಂಗಳೇ ಓದುತ್ತೀ. ಇಲ್ಲವಾದರೆ ಮೇ ತಿಂಗಳಲ್ಲಿ ಓದು. ಅಷ್ಟರಲ್ಲಿ ಬದಲಾಗುವಂಥದ್ದು ಇದರಲ್ಲಿ ಏನೂ ಇಲ್ಲ.

ಅಕ್ಕ